ಪ್ರಜ್ಞೇನೇ ಇಲ್ಲ, ಬ್ರಷ್ ಯಾಕೆ ಸಿಸ್ಟರ್?

ಐಸಿಯು ಬಾಗಿಲಲ್ಲಿ ನಿಂತ ಮನೆಯವರಿಗೆ "ಮಕ್ಕಳು ಉಜ್ಜೋ ಸಾಫ್ಟ್ ಬ್ರಷ್ ಒಂದು ತಂದುಕೊಡಿ" ಅಂದರೆ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹಾಗೇ ಅನಿಸುತ್ತಿತ್ತು. ಫೋರ್ಸೆಪ್ಸ್ ಅನ್ನುವ ಇಕ್ಕಳಕ್ಕೆ ಗಾಜ್ (ತೆಳು ಹತ್ತಿಬಟ್ಟೆ) ಸುತ್ತಿ, ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದಿ, ಕಾಣುವಷ್ಟು ಹಲ್ಲು ಒರೆಸಿ ಚಾರ್ಟ್‌ನಲ್ಲಿ ಟಿಕ್ ಹಾಕಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಆ ರೂಢಿ ಬಿಟ್ಟದ್ದು ಒಬ್ಬ ಅಜ್ಜಿಯಿಂದ. ವೆಂಟಿಲೇಟರ್ ಮೇಲೆ ಐದನೇ ದಿನ. ಜೀವಮಾನವಿಡೀ ಎಲೆ-ಅಡಿಕೆ ಹಾಕಿದ ಬಾಯಿ. ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಉಸಿರಾಟದ ಟ್ಯೂಬಿನ ಟೇಪ್ ಬದಲಿಸುವಾಗ ಟಾರ್ಚ್ ಬಿಟ್ಟು ನೋಡಿದೆ. ಅಂಗುಳದ ತುಂಬ ಕಂದು ಹಕ್ಕಳೆ, ಪಾತ್ರೆಗೆ ಹಿಡಿದು ಒಣಗಿದ ಗಂಜಿಯ ಹಾಗೆ. ಐದೂ ದಿನ ಟ್ಯೂಬು ಒಂದೇ ಕಡೆ ಒತ್ತಿ ತುಟಿಯ ಮೂಲೆ ಹುಣ್ಣಾಗಿತ್ತು. ಚಾರ್ಟ್‌ನಲ್ಲಿ ಒಂದು ಟಿಕ್ಕೂ ತಪ್ಪಿರಲಿಲ್ಲ. ಅದರಲ್ಲಿ ನನ್ನ ಸಹಿಯೂ ಇತ್ತು.

ಹಕ್ಕಳೆ ಕೆರೆದರೆ ರಕ್ತ ಬರುತ್ತದೆ. ಒದ್ದೆ ಗಾಜ್ ಇಟ್ಟು, ನೆನೆಯಲು ಬಿಟ್ಟು, ತಾನಾಗಿ ಎದ್ದಷ್ಟನ್ನೇ ತೆಗೆಯಬೇಕು. ಆ ಅಜ್ಜಿಗೆ ಅದು ಪೂರ್ತಿ ಬಿಡಲು ಒಂದೂವರೆ ದಿನ ಹಿಡಿಯಿತು.

ಪ್ರಜ್ಞೆ ಇಲ್ಲದವರು ಉಗುಳು ನುಂಗುವುದಿಲ್ಲ. ಬಾಯಿ ತೆರೆದೇ ಇದ್ದು ಒಣಗುತ್ತದೆ, ಹಲ್ಲಿನ ಮೇಲಿನ ಪಾಚಿಯಲ್ಲಿ ಆಸ್ಪತ್ರೆಯ ರೋಗಾಣುಗಳು ನೆಲೆಯೂರುತ್ತವೆ. ಟ್ಯೂಬಿನ ಕಫ್ (ಶ್ವಾಸನಾಳದೊಳಗೆ ಟ್ಯೂಬಿನ ಸುತ್ತ ಉಬ್ಬಿಸಿಡುವ ಗಾಳಿಚೀಲ) ಮೇಲೆ ನಿಂತ ಜೊಲ್ಲು ಅಂಚಿನಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ವೆಂಟಿಲೇಟರ್ ಹಾಕಿ 48 ಗಂಟೆ ದಾಟಿದ ಮೇಲೆ ಬರುವ ನ್ಯುಮೋನಿಯಾಕ್ಕೆ ಇದೇ ದೊಡ್ಡ ದಾರಿ. ಒರೆಸಿದರೆ ಪಾಚಿ ಹೋಗದು, ಉಜ್ಜಲೇಬೇಕು. 2022ರಲ್ಲಿ ಅಮೆರಿಕದ ಸೋಂಕು ನಿಯಂತ್ರಣ ತಜ್ಞರ ಮಾರ್ಗಸೂಚಿಯೂ ಬ್ರಷ್ ಮಾಡಿ, ಕ್ಲೋರ್‌ಹೆಕ್ಸಿಡಿನ್ ಬೇಡ ಅಂದಿತು. ನಮ್ಮಲ್ಲಿ ಎಷ್ಟೋ ಕಡೆ ಇನ್ನೂ ಆ ಬಾಟಲಿಯ ಮೇಲೇ ಭರವಸೆ.

ಈಗ ನಾನು ಒಬ್ಬಳೇ ಮಾಡುವುದಿಲ್ಲ. ತಲೆಭಾಗ 30ರಿಂದ 45 ಡಿಗ್ರಿ ಏರಿಸಿ, ಕಫ್ ಒಳಗಿನ ಗಾಳಿಯ ಒತ್ತಡ 20ರಿಂದ 30 cmH2O (ಸೆಂ.ಮೀ. ನೀರು ಅನ್ನುವ ಒತ್ತಡದ ಅಳತೆ) ಇದೆಯೇ ನೋಡುತ್ತೇನೆ. ಜೊತೆಯವಳು ಟ್ಯೂಬ್ ಹಿಡಿಯುತ್ತಾಳೆ. ತುಟಿಯ ಬಳಿ ಟ್ಯೂಬಿನ ಮೇಲಿರುವ, ಅದು ಎಷ್ಟು ಆಳ ಇಳಿದಿದೆ ಎಂದು ತೋರಿಸುವ ಅಂಕಿಯನ್ನು ಶುರುವಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಓದುತ್ತೇವೆ. "ಅಜ್ಜಿ, ಬಾಯಿ ತೊಳೀತೀನಿ" ಅಂತ ಹೇಳಿಯೇ ಕೈ ಹಾಕುವುದು. ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ನೀರು, ಜೊಲ್ಲು ಹೀರಿ ತೆಗೆಯುವ ಸಕ್ಷನ್ ನಳಿಕೆ. ಒಂದು ಹನಿ ನೀರೂ ಹಿಂದಕ್ಕೆ ಹೋಗಬಾರದು. ಹಲ್ಲಿನ ಒಳಮೈ, ವಸಡಿನ ಅಂಚು, ನಾಲಿಗೆ ಎಲ್ಲವೂ ಆಗಬೇಕು. ದಿನಕ್ಕೆರಡು ಸಲ ಬ್ರಷ್, ನಡುವೆ ನಾಲ್ಕು ಗಂಟೆಗೊಮ್ಮೆ ಒದ್ದೆ ಮಾಡುವುದು. ತುಟಿಗೆ ನೀರಿನಂಶದ ಜೆಲ್. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ತೀರ ಇಳಿದವರಿಗೆ ಮಾತ್ರ ವೈದ್ಯರನ್ನು ಕೇಳದೆ ಬ್ರಷ್ ಮುಟ್ಟಿಸುವುದಿಲ್ಲ.

ವಾರ್ಡಿನಲ್ಲಿ ಲಕ್ವ ಹೊಡೆದವರ ಕೆನ್ನೆಯ ಸಂದನ್ನು ಮರೆಯಬೇಡಿ. ಮಧ್ಯಾಹ್ನದ ಅನ್ನದ ಅಗುಳು ರಾತ್ರಿಯೂ ಅಲ್ಲೇ ಕೂತಿರುವುದನ್ನು ನೋಡಿದ್ದೇನೆ. ಅವರಿಗೆ ಅದರ ಅರಿವೇ ಇರುವುದಿಲ್ಲ.

ಡ್ಯೂಟಿ ಒಪ್ಪಿಸುವಾಗ ಈಗ ಟಾರ್ಚ್ ಬಿಟ್ಟು ಬಾಯಿ ತೋರಿಸುತ್ತೇನೆ, ಆಮೇಲೆ ಚಾರ್ಟ್.