ಮಟಮಟ ಮಧ್ಯಾಹ್ನ ಕಾರು ನೋಡಿದೆ: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಕಾರನ್ನು ಮಾರೋರು ಕರೆದ ಹೊತ್ತಿಗೆ ಹೋಗಿ ನೋಡಬಾರದು. ಬೇಸಿಗೆಯ ಮಧ್ಯಾಹ್ನ ಎರಡಕ್ಕೆ ಒಮ್ಮೆ ನೋಡಬೇಕು, ಬೆಳಗ್ಗೆ ಆರಕ್ಕೆ ಇನ್ನೊಮ್ಮೆ. 2025ರ ಮೇ ತಿಂಗಳಲ್ಲಿ ನಾನು ಹೀಗೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಆ ಬಿಸಿಲಾಗ ನಿನಗ ಕಾರು ಯಾರು ತೋರಸ್ತಾರವ್ವಾ?" ಅಂದರು ಕಾಕಾ. ಸಾಲ ಮಾಡಿ ಹೊಸದೇ ತಗೋ ಅಂತ ಅಣ್ಣನ ಹಟ. ಈಗ ಹಾಗೇ ಹುಡುಕಿ ತಂದ ವ್ಯಾಗನ್ ಆರ್ ಮನೆ ಮುಂದೆ ನಿಂತಿದೆ.

ನಾನು ಬೀಜದ ಕಂಪನಿಯಲ್ಲಿ ಫೀಲ್ಡ್ ಕೆಲಸ ಮಾಡೋಳು. ರಾಯಚೂರಿನಿಂದ ಮಾನ್ವಿ, ಸಿರವಾರ, ಸಿಂಧನೂರು ಕಡೆಯ ಹತ್ತಿ ಹೊಲ, ಭತ್ತದ ಗದ್ದೆಗಳಿಗೆ ಸ್ಕೂಟಿಯಲ್ಲೇ ತಿರುಗುತ್ತಿದ್ದೆ. ನಮ್ಮ ಕಡೆ ಮೇನಲ್ಲಿ 42 ಡಿಗ್ರಿ ಅಂದರೆ ಮಾಮೂಲು. ಕಾರು ಕೊಳ್ಳೋದೇ ಆ ಬಿಸಿಲಿಗೆ. ಹಾಗಾದ ಮೇಲೆ ಆ ಬಿಸಿಲಲ್ಲೇ ಪರೀಕ್ಷೆ ಆಗಬೇಕು, ಅಲ್ವಾ?

ಚೀಟಿ ಎತ್ತಿದ್ದು ಎರಡೂವರೆ ಲಕ್ಷದ ಹತ್ತಿರ ಕೈಯಲ್ಲಿತ್ತು. ಸೊಸೈಟಿ ಸಾಲ ಒಂದೂವರೆವರೆಗೆ ಸಿಗುತ್ತಿತ್ತು. ನಾಲ್ಕು ಲಕ್ಷದ ಗೆರೆ ದಾಟೋದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ.

ಮಧ್ಯಾಹ್ನದ ಪರೀಕ್ಷೆ ಹೀಗೆ. ಗಾಡಿ ಬಿಸಿಲಲ್ಲಿ ಒಂದು ತಾಸು ನಿಂತಿರಬೇಕು. ನಮ್ಮ ಲ್ಯಾಬಿನ ಕಡ್ಡಿ ಥರ್ಮಾಮೀಟರನ್ನು ನಡುವಿನ ಎಸಿ ಕಿಂಡಿಗೆ ಸಿಕ್ಕಿಸುತ್ತಿದ್ದೆ. ಒಳಗಿನ ಗಾಳಿಯೇ ತಿರುಗುವ ಹಾಗೆ ಬಟನ್ ಒತ್ತಿ, ಫ್ಯಾನ್ ಎರಡರಲ್ಲಿ ಇಡೋದು. ಒಳ್ಳೆ ಗಾಡಿಯಲ್ಲಿ ಹತ್ತು ನಿಮಿಷಕ್ಕೆ ಹನ್ನೊಂದು ಹನ್ನೆರಡು ಡಿಗ್ರಿಗೆ ಇಳಿಯಿತು. ಕೆಟ್ಟದ್ದು ಹತ್ತೊಂಬತ್ತರ ಕೆಳಗೆ ಬರಲೇ ಇಲ್ಲ. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಬಾನೆಟ್ ಒಳಗೆ ಮುಂಭಾಗದಲ್ಲಿರೋ ಫ್ಯಾನ್ ಮೇಲೆ ಅನುಮಾನ ಪಡಿ. ಮಾರೋರು ಸಂಜೆ ಆರಕ್ಕೆ ಕರೆಯೋದು ಯಾಕೆ ಅಂತ ನನಗೆ ಆಗ ಗೊತ್ತಾಯಿತು.

ಬೆಳಗಿನ ಪರೀಕ್ಷೆಗೆ ಒಂದೇ ಷರತ್ತು. ನಾನು ಬರೋವರೆಗೂ ಸ್ಟಾರ್ಟ್ ಮಾಡಬಾರದು. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡುತ್ತಿದ್ದೆ. ಬೆಚ್ಚಗಿದ್ದರೆ ಅಲ್ಲಿಂದಲೇ ವಾಪಸ್. ತಣ್ಣಗಿನ ಎಂಜಿನ್ನಿನ ಮೊದಲ ಸದ್ದು, ಸೈಲೆನ್ಸರಿನ ಮೊದಲ ಹೊಗೆ, ಇವೆರಡನ್ನೂ ಯಾರಿಗೂ ಬಚ್ಚಿಡೋಕೆ ಆಗೋದಿಲ್ಲ.

ಕೈಗೆ ಬಂದು ತಪ್ಪಿದ ಕಾರುಗಳೇ ಜಾಸ್ತಿ. ಬಳ್ಳಾರಿಯಲ್ಲಿ ಒಂದು ಐ10 ತೋರಿಸಿದರು. ಬೆಂಗಳೂರಿನ ಗಾಡಿ, ಬರೀ ಸಿಟಿಯಲ್ಲಿ ಓಡಿದ್ದು ಅಂದರು. ಕಾರ್ಪೆಟ್ ಎತ್ತಿ ಕೆಳಗೆ ಕೈ ಹಾಕಿದೆ. ಬೆರಳಿಗೆಲ್ಲ ಸಂಡೂರು ಗಣಿಯ ಕಡೆಯ ಕೆಂಪು ಧೂಳು. ಇನ್ನೊಂದರಲ್ಲಿ ಮೀಟರ್ 42 ಸಾವಿರ ತೋರಿಸುತ್ತಿತ್ತು. ಮಾಲೀಕರನ್ನೇ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಎರಡು ವರ್ಷದ ಹಿಂದೆಯೇ ಅದು ಎಂಬತ್ತು ಸಾವಿರ ದಾಟಿತ್ತು. ಒಬ್ಬ ಬ್ರೋಕರ್‌ಗೆ ಕೊಟ್ಟ ಟೋಕನ್ ಐದು ಸಾವಿರ ಇವತ್ತಿಗೂ ವಾಪಸ್ ಬಂದಿಲ್ಲ. ಆ ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿದೆ ಅನ್ನೋ ಬಾಯಿಮಾತು ನಡೆಯೋದಿಲ್ಲ. ಸಾಲ ಬಾಕಿ ಇಲ್ಲ ಅನ್ನೋ ಬ್ಯಾಂಕಿನ ಪತ್ರ (ಎನ್‌ಒಸಿ) ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸೋ ಫಾರ್ಮ್ 35 ಬೇಕೇ ಬೇಕು.

ಗಡಿಯಾಚೆ ತೆಲಂಗಾಣದ ಗದ್ವಾಲ್, ಆಂಧ್ರದ ಕರ್ನೂಲ್ ಕಡೆಯ ಕಾರುಗಳು ನಮ್ಮೂರಿಗಿಂತ ಐವತ್ತು ಅರವತ್ತು ಸಾವಿರ ಕಡಿಮೆಗೆ ಬರುತ್ತಿದ್ದವು. ಆಸೆ ಆಯಿತು. ಲೆಕ್ಕ ಹಾಕಿದೆ. ಅಲ್ಲಿನ ಆರ್‌ಟಿಒ ಅಭ್ಯಂತರ ಇಲ್ಲ ಅಂತ ಕೊಡೋ ಫಾರ್ಮ್ 28 ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಹಳೇ ಗಾಡಿಗೆ ಟ್ಯಾಕ್ಸ್ ಇಳಿಯುತ್ತದೆ ನಿಜ. ಆದರೂ ಓಡಾಟದ ಖರ್ಚು ಸೇರಿಸಿದರೆ ಉಳಿಯೋದು ಏನೂ ಇರಲಿಲ್ಲ. ನಮ್ಮ ರಾಯಚೂರಿನ ಕೆಎ-36 ನಂಬರಿನ ಗಾಡಿ ಬಿಟ್ಟು ಬೇರೆ ನೋಡೋದೇ ನಿಲ್ಲಿಸಿದೆ.

ಈ ಮಧ್ಯೆ ಥರ್ಮಾಮೀಟರ್ ಕೈಯಲ್ಲಿದೆಯಲ್ಲ ಅಂತ ಆಫೀಸಿನ ಕಾರಿನಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬಿಸಿಲಲ್ಲಿ ನಿಲ್ಲಿಸಿದಾಗ ಒಳಗೆ ಅರವತ್ತರ ಹತ್ತಿರ ಹೋಯಿತು. ಬೇವಿನ ಮರದ ಕೆಳಗೆ ನಲವತ್ತಾರೋ ಏಳೋ. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಹಾಕಿದರೆ ಸ್ಟೀರಿಂಗ್ ಮುಟ್ಟೋ ಹಾಗಾಯಿತು, ಸೀಟಿನ ಬಿಸಿ ಅಷ್ಟೇನೂ ಕಡಿಮೆ ಆಗಲಿಲ್ಲ. ಬೀಜದ ಸ್ಯಾಂಪಲ್ ಕಾರಲ್ಲಿ ಇಟ್ಟುಹೋಗೋ ನನ್ನಂಥವರಿಗೆ ಇದು ದೊಡ್ಡ ವಿಷಯ.

ಈಗಿನ ಕಾರನ್ನು ನಾನು ಮೇನಲ್ಲೇ ನೋಡಿದ್ದೆ. 2019ರ ಮಾಡೆಲ್, ಒಂದು ಲೀಟರ್ ಎಂಜಿನ್, ರಿಟೈರ್ ಆದ ಮೇಷ್ಟ್ರದ್ದು. ಎರಡೂ ಪರೀಕ್ಷೆ ಪಾಸ್. ಬಟ್ಟೆ ಸುತ್ತಿದ ಅಯಸ್ಕಾಂತ ಬಾಗಿಲಿನ ತಗಡಿಗೆಲ್ಲ ಅಂಟಿತು, ಅಂದರೆ ತಗ್ಗು ಮುಚ್ಚೋಕೆ ಮೆತ್ತೋ ಪುಟ್ಟಿ ಎಲ್ಲೂ ಇಲ್ಲ. "ಮನ್ಯಾಗಿನ ಗಂಡಸರನ್ನ ಕರ್ಕೊಂಡು ಬಾ ತಂಗಿ, ರೇಟ್ ಮಾತಾಡೋಣು" ಅಂದರು. "ರೊಕ್ಕ ನಂದೇ ಸರ್, ನನ್ನ ಕೂಡನ ಮಾತಾಡ್ರಿ" ಅಂದೆ. ನಾಲ್ಕೂಕಾಲು ಲಕ್ಷ ಹೇಳಿದರು. ನಾನು ಮೂರೂವರೆ. ಮಾತು ಮುರಿಯಿತು.

ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಸೋ ಮಾತಾಡಿದರು. ಹೊಸ ಕಾರು ಇಳಿದರೆ ಹಳೇದೂ ಇಳಿಯಲೇಬೇಕು ಅಂತ ಕಾದೆ. ಕೈಗೆ ಸಿಕ್ಕಿದ್ದು ಹೋಗಿಬಿಡ್ತದ ಅಂತ ಅಣ್ಣ ದಿನಾ ಜಗಳ. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಬಂತು. ಹೊಸ ವ್ಯಾಗನ್ ಆರ್‌ನ ಶೋರೂಮ್ ಬೆಲೆ ಐದು ಲಕ್ಷದೊಳಗೆ ಶುರುವಾಯಿತು. ದಸರಾ ಮುಗಿದ ಮೇಲೆ ಮೇಷ್ಟ್ರ ಮನೆಗೆ ಮತ್ತೆ ಹೋದೆ. ಕಾರು ಅಲ್ಲೇ ಇತ್ತು. ಮೂರು ಅರವತ್ತಕ್ಕೆ ಮುಗಿಯಿತು. ಕೊನೇ ಇಪ್ಪತ್ತು ಸಾವಿರ ಇಳಿಸಿದ್ದು ಒಂದೇ ಒಂದು ಪ್ರಶ್ನೆ. ಅದನ್ನು ಇಲ್ಲಿ ಬರೆಯೋದಿಲ್ಲ. ಮಾರೋರಿಗೆಲ್ಲ ಗೊತ್ತಾದರೆ ಅದರ ಬಲ ಹೋಗುತ್ತದೆ, ನನ್ನ ತಂಗಿಗೂ ಮುಂದೆ ಬೇಕು.

ಕಾರನ್ನು ನನ್ನ ಹೆಸರಿಗೆ ಮಾಡಿಸೋ ಫಾರ್ಮ್ 29, 30ಕ್ಕೆ ಮೇಷ್ಟ್ರ ಸಹಿಯನ್ನು ಹಣ ಕೊಡುವ ದಿನವೇ ಹಾಕಿಸಿಕೊಂಡೆ. ಇನ್ಶೂರೆನ್ಸನ್ನು 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದೆ. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ ಮಾಲೀಕರದ್ದು, ಕಾರಿನದ್ದಲ್ಲ. ಹಾಗಾಗಿ ನಾಲ್ಕೈದು ಸಾವಿರ ಮೇಲೆ ಕಟ್ಟಬೇಕಾಯಿತು, ಇದನ್ನು ಬಜೆಟ್ಟಿನಲ್ಲಿ ಇಟ್ಟುಕೊಳ್ಳಿ. ಟೈರಿನ ಮೇಲೆ 2319 ಅಂತಿತ್ತು, ಅಂದರೆ 2019ರ 23ನೇ ವಾರದ ಮಾಲು. ಮೇಲಿನ ಗೆರೆಗಳು ಸವೆಯದೆ ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿತ್ತು, ನಾಲ್ಕನ್ನೂ ಬದಲಿಸಿದೆ. ಹದಿನಾರು ಸಾವಿರ ಹೋಯಿತು. ಎಲ್ಲ ಸೇರಿ ಮೂರು ತೊಂಬತ್ತರ ಒಳಗೇ ಇದೆ. ಸಿಂಧನೂರು ರಸ್ತೆಯಲ್ಲಿ ಎಸಿ ಹಾಕಿಕೊಂಡು ಲೀಟರಿಗೆ ಹತ್ತೊಂಬತ್ತು ಕಿಲೋಮೀಟರ್ ಕೊಡುತ್ತಿದೆ, ಊರೊಳಗೆ ಹದಿನೈದು.