ದೀರ್ಘ ರಜೆಯಿಂದ ಮರಳಿದವರ ಮೊದಲ 6 ವಾರ

ಖಿನ್ನತೆ, ಆತಂಕದಿಂದ ದೀರ್ಘ ರಜೆಯಲ್ಲಿದ್ದವರು ಕೆಲಸಕ್ಕೆ ಬರುವ ಒಂದು ವಾರ ಮೊದಲೇ ನಾನು ಅವರೊಡನೆ ಅರ್ಧ ಗಂಟೆ ಮಾತಾಡುತ್ತೇನೆ. ಯಾವ ಕೆಲಸದಿಂದ ಶುರು ಮಾಡಿದರೆ ಹಗುರ? ಯಾವುದು ಈಗ ಬೇಡ? ತಂಡಕ್ಕೆ ಏನು ಹೇಳಬೇಕು? ಕೇಳುವುದು ಇಷ್ಟೇ. ಕಾಯಿಲೆಯ ಹೆಸರು ನನಗೆ ಬೇಕಿಲ್ಲ. ತಂಡಕ್ಕೆ ತಿಳಿಸುವ ವಾಕ್ಯವನ್ನು ಅವರೇ ಬರೆದುಕೊಡುತ್ತಾರೆ, ಅದಕ್ಕೆ ಒಂದು ಪದವೂ ಸೇರುವುದಿಲ್ಲ.

ಮೊದಲ 2 ವಾರ ದಿನಕ್ಕೆ 4 ಗಂಟೆ, ಮುಂದಿನ 2 ವಾರ 6 ಗಂಟೆ, ಆಮೇಲೆ ಪೂರ್ತಿ ದಿನ. ಇದು ಕೆಡುವುದು ಹೆಚ್ಚಾಗಿ ಒಂದೇ ಕಡೆ: ಗಂಟೆ ಅರ್ಧವಾಗುತ್ತದೆ, ಕೆಲಸ ಅರ್ಧವಾಗುವುದಿಲ್ಲ. ಉಳಿದದ್ದನ್ನು ಅವರು ರಾತ್ರಿ ಕೂತು ಮುಗಿಸುತ್ತಾರೆ. ನಿದ್ದೆ ಮತ್ತೆ ಕೆಡುತ್ತದೆ. ಆದ್ದರಿಂದ ಅವರ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಯಾರು, ಯಾವ ತಾರೀಕಿನವರೆಗೆ ನೋಡಿಕೊಳ್ಳುತ್ತಾರೆ ಎಂದು ಮೊದಲೇ ಬರೆಯಬೇಕು. ರಜೆಯಲ್ಲಿ ಗುಡ್ಡೆಬಿದ್ದ ಮೇಲ್‌ಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಮುಖ್ಯವಾದದ್ದನ್ನು ಸಹೋದ್ಯೋಗಿಯೊಬ್ಬರು ಒಂದು ಪುಟದಲ್ಲಿ ಕೊಟ್ಟರೆ ಸಾಕು. ಹಾಗೆಂದು ಸುಮ್ಮನೆ ಕೂರಿಸಬಾರದು. ಖಾಲಿ ಮೇಜು 'ನೀವಿಲ್ಲದೆಯೂ ನಡೆಯುತ್ತದೆ' ಎನ್ನುತ್ತದೆ. ಚಿಕ್ಕದಾದರೂ ನಿಜವಾದ ಕೆಲಸ ಕೊಡಿ.

ಕೆಲವು ಔಷಧಿಗಳಿಂದ ಬೆಳಗ್ಗೆ ಮಂಪರು ಇರುತ್ತದೆ. ಮೀಟಿಂಗಿನ ಹೊತ್ತನ್ನು ಅವರನ್ನೇ ಕೇಳಿ ಇಟ್ಟರಾಯಿತು.

ವಾರಕ್ಕೊಮ್ಮೆ 20 ನಿಮಿಷ ಕೂರುತ್ತೇನೆ. 'ಹೇಗಿದ್ದೀರಿ' ಎಂದರೆ 'ಚೆನ್ನಾಗಿದ್ದೇನೆ' ಎಂಬಲ್ಲಿಗೆ ಮಾತು ಮುಗಿಯುತ್ತದೆ. 'ಈ ವಾರ ಯಾವ ಕೆಲಸ ಅರ್ಧಕ್ಕೆ ನಿಂತಿತು? ಮನೆಗೆ ಹೋದ ಮೇಲೂ ತಲೆಯಲ್ಲಿ ಉಳಿದದ್ದು ಯಾವುದು?' ಎಂದರೆ ಉತ್ತರ ಸಿಗುತ್ತದೆ. ಗಂಟೆ ಹೆಚ್ಚಿಸಿದ ವಾರ ನಿದ್ದೆ ತಪ್ಪಿದರೆ ಹಿಂದಿನ ಮಟ್ಟದಲ್ಲೇ ಇನ್ನೊಂದು ವಾರ ಇರಲಿ.

ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಕಚೇರಿಯಲ್ಲಿ ತುಂಬಿಸುವುದು ಬೇಡವೇ ಬೇಡ. ಅದರ 9ನೇ ಪ್ರಶ್ನೆ ಸಾವಿನ, ಸ್ವಯಂ ಹಾನಿಯ ಯೋಚನೆಗಳ ಬಗ್ಗೆ. ಆ ಉತ್ತರವನ್ನು ಅಂದೇ ನೋಡುವ ವೈದ್ಯರು ಬೇಕು. ಫೈಲಿನಲ್ಲಿ ಬಿದ್ದಿದ್ದರೆ ಅಪಾಯ. ಮಾತಿನಲ್ಲಿ ಅಂಥ ಸುಳಿವು ಸಿಕ್ಕರೆ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡದೆ ಅಂದೇ ಚಿಕಿತ್ಸೆಗೆ ತಲುಪಿಸಿ. ಜೀವಕ್ಕೆ ಅಪಾಯವಿದ್ದರೆ ಮಾತು ಗುಟ್ಟಾಗಿ ಉಳಿಯದು ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು (ಕೆಲಸದಿಂದ ಪೂರ್ತಿ ಬಳಲಿ ಹೋಗುವುದನ್ನು) ಕಾಯಿಲೆ ಎನ್ನದೆ, ಕೆಲಸದ ಜಾಗದಲ್ಲಿ ನಿಭಾಯಿಸದೆ ಉಳಿದ ಒತ್ತಡದ ಫಲ ಎಂದಿತು. ಹಾಗಾಗಿ 6ನೇ ವಾರದ ಕೊನೆಗೆ ಪಟ್ಟಿಯನ್ನು ಮತ್ತೆ ತೆರೆಯುತ್ತೇನೆ. ಬೇರೆಯವರಿಗೆ ಹಂಚಿದ ಕೆಲಸವೆಲ್ಲ ಹಿಂದಿರುಗಲೇಬೇಕೆಂದಿಲ್ಲ. ಯಾವುದು ಬರಬೇಕು, ಯಾವುದು ಅಲ್ಲೇ ಇರಲಿ ಎಂಬುದನ್ನು ಅವರೊಡನೆ ಕೂತು ತೀರ್ಮಾನಿಸುತ್ತೇನೆ.