ನಾಲ್ಕು ಕೋಣೆ ನೋಡಿ ಮುಗಿಸುತ್ತಿದ್ದೆ

ಮಂಡ್ಯದಲ್ಲಿ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡತೊಡಗಿದ ಮೊದಲ ವರ್ಷಗಳಲ್ಲಿ, ಮಗುವಿನ ಹೃದಯದ ನಾಲ್ಕು ಕೋಣೆಗಳು ಸರಿಯಾಗಿ ಕಂಡರೆ ನಾನು ಕಿಡ್ನಿ, ಬೆನ್ನುಮೂಳೆ ಎಂದು ಮುಂದೆ ಹೋಗಿಬಿಡುತ್ತಿದ್ದೆ. ಹೊರಗೆ ಬೆಂಚು ತುಂಬ ಜನ ಕಾದಿರುತ್ತಿದ್ದರು. ಹಾಗೆ ನೋಡಿ ಕಳಿಸಿದ ಒಂದು ಮಗು ಹುಟ್ಟಿದ ಮರುದಿನವೇ ನೀಲಿಗಟ್ಟಿತು. ಮೈಸೂರು ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು. ನನ್ನ ವರದಿಯಲ್ಲಿ ಹೃದಯದ ಬಗ್ಗೆ ಇದ್ದದ್ದು ಎರಡೇ ಪದ: 'ಸಹಜವಾಗಿದೆ, ಸರಿಯಾಗಿದೆ.'

ಆ ಮಗುವಿಗಿದ್ದುದು ಮಹಾರಕ್ತನಾಳಗಳ ಅದಲುಬದಲು. ಮೈಗೆಲ್ಲ ರಕ್ತ ಒಯ್ಯುವ, ಹೃದಯದ ಎಡಗಡೆಯಿಂದ ಹೊರಡಬೇಕಾದ ಮಹಾಪಧಮನಿ ಬಲಗಡೆಯಿಂದ ಹೊರಟಿರುತ್ತದೆ, ಶ್ವಾಸಕೋಶಕ್ಕೆ ಹೋಗುವ ನಾಳ ಎಡಗಡೆಯಿಂದ. ಕೋಣೆಗಳು ಮಾತ್ರ ನಾಲ್ಕೂ ಅಚ್ಚುಕಟ್ಟಾಗಿ ಕಾಣುತ್ತವೆ.

ಈಗ 18ರಿಂದ 22 ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಕೋಣೆಗಳನ್ನು ನೋಡಿದ ಮೇಲೆ ಪ್ರೋಬನ್ನು ಮಗುವಿನ ತಲೆಯ ಕಡೆಗೆ ಕೊಂಚ ವಾಲಿಸುತ್ತೇನೆ. ದ್ರಾಕ್ಷಿಯಷ್ಟು ಹೃದಯ, ಕೈ ಸ್ವಲ್ಪ ಜೋರಾದರೂ ದಾಟಿಹೋಗುತ್ತದೆ. ಎರಡು ನಾಳಗಳು ಒಂದನ್ನೊಂದು ಅಡ್ಡ ಹಾಯುವುದು ಕಾಣಬೇಕು. ಮಗು ಬೆನ್ನು ತೋರಿಸಿ ಮಲಗಿದ್ದರೆ ತಾಯಿಯನ್ನು ಅರ್ಧ ಗಂಟೆ ಓಡಾಡಿಕೊಂಡು ಬರಲು ಕಳಿಸುತ್ತೇನೆ. ಗೊಣಗುತ್ತಾರೆ, ಗೊಣಗಲಿ.

ಕಳೆದ ಆಷಾಢದಲ್ಲಿ ಪಾಂಡವಪುರದ ಕಡೆಯ ಹೆಣ್ಣುಮಗಳೊಬ್ಬಳ ಸ್ಕ್ಯಾನಿಂಗ್‌ನಲ್ಲಿ ನಾಳಗಳು ಹಾಯಲಿಲ್ಲ, ಅಕ್ಕಪಕ್ಕ ಸಾಗಿದ್ದವು. "ಗ್ರಹಣದ ದಿನ ಹೊರಗೆ ಬಂದಿದ್ದಳು ಡಾಕ್ಟರಮ್ಮ" ಎಂದರು ಅತ್ತೆ. ಮೊದಲ ಎರಡು ತಿಂಗಳಲ್ಲಿ ಹೃದಯ ರೂಪುಗೊಳ್ಳುವಾಗಲೇ ಆದದ್ದು ಇದು, ಗ್ರಹಣಕ್ಕೆ ಸಂಬಂಧವಿಲ್ಲ, ನಿನ್ನ ತಪ್ಪೂ ಅಲ್ಲ ಎಂದು ಸೊಸೆಯ ಮುಖ ನೋಡಿಯೇ ಹೇಳಿದೆ.

ಗಂಡನಿಗೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ. ಕಾಗದದ ಮೇಲೆ ಎರಡು ನಾಲೆ ಬರೆದು ತೋರಿಸಿದೆ: ಶುದ್ಧ ರಕ್ತ ಶ್ವಾಸಕೋಶಕ್ಕೇ ತಿರುಗಿ ಹೋಗುತ್ತದೆ, ಅಶುದ್ಧ ರಕ್ತ ಮೈಗೇ. ಹೊಟ್ಟೆಯಲ್ಲಿರುವವರೆಗೆ ಮಾಸು ಕಾಯುತ್ತದೆ, ತೊಂದರೆ ಹುಟ್ಟಿದ ಮೇಲೆ. ಆತ ಬಹಳ ಹೊತ್ತು ಚಿತ್ರ ನೋಡಿ, "ನಡುವಿನ ಏರಿ ಒಡೆದರೆ ನೀರು ಬೆರೆಯುತ್ತದಲ್ಲ ಮೇಡಂ?" ಎಂದ.

ಮಕ್ಕಳ ಹೃದ್ರೋಗ ತಜ್ಞರು ಮಾಡುವುದೂ ಅದನ್ನೇ. ಹುಟ್ಟಿದ ಕೂಡಲೇ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಹನಿಹನಿಯಾಗಿ ಕೊಟ್ಟು, ಗರ್ಭದಲ್ಲಿದ್ದಾಗ ಆ ಎರಡು ನಾಳಗಳನ್ನು ಕೂಡಿಸಿದ್ದ ಅಡ್ಡನಾಳ ಮುಚ್ಚದಂತೆ ನೋಡಿಕೊಳ್ಳುತ್ತಾರೆ. ಬೇಕಾದರೆ ಬಲೂನು ತೂರಿಸಿ ಮೇಲಿನ ಕೋಣೆಗಳ ನಡುವಿನ ಕಂಡಿಯನ್ನು ಹಿಗ್ಗಿಸುತ್ತಾರೆ. ಆಮೇಲೆ, ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ, ನಾಳಗಳನ್ನು ಕತ್ತರಿಸಿ ಅದಲುಬದಲು ಹೊಲಿಯುವ ಶಸ್ತ್ರಚಿಕಿತ್ಸೆ. 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೆನೆ ಮಾಡಿ ಗೆದ್ದದ್ದು ಅದು. ಇದೆಲ್ಲ ಒಂದೇ ಸೂರಿನಡಿ ಸಿಗುವ ಕಡೆ, ಬೆಂಗಳೂರಿನಲ್ಲಿ, ಹೆರಿಗೆಯಾಗಲಿ ಎಂದೆ.

"ದಿನಾಂಕ ಬರೆದುಕೊಡಿ" ಎಂದ ಆತ. "ಕಬ್ಬಿನ ಕಟಾವು ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳುತ್ತೇನೆ."